ಎರಡು ಕಾಗದ, ಒಂದು ಸಹಿ: ಸೋಂಕಿನ ಕಾಲದಲ್ಲಿ ವೈದ್ಯ ವಿದ್ಯಾರ್ಥಿಗಳು ಕಾಲೇಜನ್ನು ಅಳೆದ ಬಗೆ

2020ರ ನವೆಂಬರ್ ಕೊನೆ. ಶಿಡ್ಲಘಟ್ಟ ತಾಲ್ಲೂಕಿನ ಅಕ್ಕನ ಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ರೇಷ್ಮೆ ಸಾಕುವವರು ಹುಳು ಪೊರೆ ಬಿಡುವುದನ್ನು ಜ್ವರವೆಂದೇ ಕರೆಯುತ್ತಾರೆ. ಆ ವರ್ಷ ಮಾತ್ರ ಆ ಪದ ಬಾಯಿಗೆ ಬಂದಾಗ ಜನ ಒಮ್ಮೆ ಸುತ್ತ ನೋಡಿ ಆಡುತ್ತಿದ್ದರು. ಭಾವ ಹುಳುಮನೆಯಿಂದ ಹೊರಬಂದು, ಕೈ ತೊಳೆದು, ಎರಡು ಕಾಗದಗಳನ್ನು ನನ್ನ ಮುಂದಿಟ್ಟರು. ಮಗಳು ಓದುತ್ತಿದ್ದ ವೈದ್ಯಕೀಯ ಕಾಲೇಜಿನಿಂದ ಮೊಬೈಲಿಗೆ ಬಂದಿದ್ದವನ್ನು ಪೇಟೆಯಲ್ಲಿ ಪ್ರಿಂಟ್ ಹಾಕಿಸಿ ತಂದಿದ್ದರು. ಎರಡೂ ಇಂಗ್ಲಿಷ್‌ನಲ್ಲಿದ್ದವು. ಓದಿ ಹೇಳು ಎಂದರು.

ಮೊದಲನೆಯದು ಪೋಷಕರ ಒಪ್ಪಿಗೆ ಪತ್ರ. ಡಿಸೆಂಬರ್ 1ರಿಂದ ತರಗತಿಗಳು ಶುರು, ಹಾಸ್ಟೆಲಿಗೆ ಬರುವವರು ಆರ್‌ಟಿ-ಪಿಸಿಆರ್ ವರದಿ ತರಬೇಕು, ಹಾಸ್ಟೆಲಿನಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಸೋಂಕು ತಗುಲಿದರೆ ಸಂಸ್ಥೆ ಜವಾಬ್ದಾರಿಯಲ್ಲ ಎಂದು ಪೋಷಕರು ಒಪ್ಪಿ ಸಹಿ ಹಾಕಬೇಕು. ಎರಡನೆಯದು ಮುಂದಿನ ವರ್ಷದ ಶುಲ್ಕ, ಕಟ್ಟಬೇಕಾದ ಕೊನೆಯ ದಿನ, ತಡವಾದರೆ ದಂಡ.

ಭಾವ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೊಣೆ ನಮ್ಮದಲ್ಲ ಎಂದು ಒಂದರಲ್ಲಿ, ಹಣ ನಮ್ಮದು ಎಂದು ಇನ್ನೊಂದರಲ್ಲಿ. ಅಷ್ಟೇ ತಾನೇ ಅಪ್ಪಾ?" ಎಂದರು. ಸಹಿ ಹಾಕುತ್ತಾ ಇನ್ನೊಂದು ಮಾತು ಸೇರಿಸಿದರು: "ನಮ್ಮ ಹುಳುಮನೆಗೆ ರೋಗ ಬಂದರೆ ನಾನು ಹುಳುಗಳ ಹತ್ತಿರ ಸಹಿ ಹಾಕಿಸಿಕೊಳ್ಳುವುದಿಲ್ಲ."

ಕಾಲೇಜಿನ ಹೆಸರು ಬೇಡ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರು ಜಿಲ್ಲೆಗಳಲ್ಲಿ ಆಗ ಇದ್ದವೆಲ್ಲ ಖಾಸಗಿ ವೈದ್ಯಕೀಯ ಕಾಲೇಜುಗಳೇ, ಅವುಗಳಲ್ಲಿ ಒಂದು ಎಂದರೆ ಸಾಕು. ಆ ಬಗೆಯ ಕಾಗದವನ್ನು ನಾಡಿನ ಎಷ್ಟೋ ಕಾಲೇಜುಗಳು ಆ ತಿಂಗಳು ಕಳಿಸಿದವು. ಆ ಒಂದೂವರೆ ಎರಡು ವರ್ಷಗಳಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ತಮ್ಮ ಕಾಲೇಜಿನ ಬಗ್ಗೆ ತೃಪ್ತಿಯಿತ್ತೇ ಎಂಬ ಪ್ರಶ್ನೆ ಹಳೆಯದಾಯಿತು ಎನ್ನಿಸಬಹುದು. ಆದರೆ ಆಗ ಓದಿದವರೇ ಈಗ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಯಲ್ಲಿ ಕೂತಿದ್ದಾರೆ. ನಮ್ಮ ಭಾಗದಲ್ಲಿ ಹೊಸ ಕಾಲೇಜುಗಳೂ ತಲೆಯೆತ್ತಿವೆ. ಅವು ಹಿಂದಿನ ಸೋಂಕಿನಿಂದ ಏನು ಕಲಿತವು ಎಂದು ಯಾರೂ ಕೇಳಿದಂತಿಲ್ಲ.

ವಿದ್ಯಾರ್ಥಿಗಳನ್ನು ಮನೆಗೆ ಕಳಿಸಿದ್ದೇ ತಪ್ಪು ಎನ್ನುವವರಿದ್ದಾರೆ. ಅದು ಅಷ್ಟು ಸಲೀಸಾಗಿ ಹೇಳುವ ಮಾತಲ್ಲ. 2003ರ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್‌ನ ಪ್ರಿನ್ಸ್ ಆಫ್ ವೇಲ್ಸ್ ಆಸ್ಪತ್ರೆಯ 8ಎ ವಾರ್ಡಿನಲ್ಲಿ ಕೋವಿಡ್‌ನಂತೆಯೇ ಉಸಿರಾಟದ ಸೋಂಕಾದ ಸಾರ್ಸ್‌ನ ರೋಗಿಯೊಬ್ಬ ಮಲಗಿದ್ದ. ಅದು ಸಾರ್ಸ್ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಆ ಆಸ್ಪತ್ರೆಯಿಂದ ಮೊದಲು ವರದಿಯಾದ 138 ಸೋಂಕಿತರಲ್ಲಿ 16 ಮಂದಿ ವೈದ್ಯ ವಿದ್ಯಾರ್ಥಿಗಳು. ಕೇಸ್ ನೋಡಲು ಹೋದವರು ತಾವೇ ಕೇಸ್ ಆದರು. ಈ ನೆನಪು ಜಗತ್ತಿನ ಎಲ್ಲ ಡೀನ್‌ಗಳ ತಲೆಯಲ್ಲೂ ಇತ್ತು. 2020ರ ಮಾರ್ಚ್ 17ರಂದು ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟ, ವಿದ್ಯಾರ್ಥಿಗಳನ್ನು ರೋಗಿಗಳಿಂದ ದೂರವಿಡಿ ಎಂದು ಸಲಹೆ ಕೊಟ್ಟಿತು. ಅದೇ ವಾರ ಇಟಲಿ ತದ್ವಿರುದ್ಧವಾಗಿ ನಡೆದುಕೊಂಡಿತು: ಪದವಿ ಮುಗಿಸಿದವರಿಗಿದ್ದ ರಾಜ್ಯ ಪರೀಕ್ಷೆಯನ್ನೇ ಕೈಬಿಟ್ಟು ಸಾವಿರಾರು ಹೊಸ ವೈದ್ಯರನ್ನು ಕೆಲಸಕ್ಕೆ ಇಳಿಸಿತು. ಬ್ರಿಟನ್ ಕೊನೆಯ ವರ್ಷದವರಿಗೆ ಅವಧಿಗೆ ಮುನ್ನವೇ ನೋಂದಣಿ ಕೊಟ್ಟಿತು. ಹಾಗಾಗಿ ಅದೇ ರೋಗ ಒಬ್ಬ ವಿದ್ಯಾರ್ಥಿಯನ್ನು ಮನೆಗೆ ಕಳಿಸಿತು, ಅವನಿಗಿಂತ ಎರಡು ವರ್ಷ ದೊಡ್ಡವನನ್ನು ವಾರ್ಡಿಗೆ ನೂಕಿತು. ವೈದ್ಯ ವಿದ್ಯಾರ್ಥಿ ಎಂಬುದು ಒಂದು ವರ್ಗವೆಂದು ತಿಳಿದು ಲೆಕ್ಕ ಹಾಕುವವರು ಮೊದಲು ಎಡವುವುದು ಇಲ್ಲೇ.

ನಮ್ಮ ಕಡೆ ಸೋಂಕು ಬಂದ ರೀತಿಯೂ ಒಂದೇ ಸಮನಾಗಿರಲಿಲ್ಲ. 2020ರ ಮಾರ್ಚ್‌ನಲ್ಲೇ ಗೌರಿಬಿದನೂರು, ಆಮೇಲೆ ಶಿರಾ, ರಾಜ್ಯದ ಮೊದಲ ಕೆಲವು ಸಾವುಗಳ ಪಟ್ಟಿಯಲ್ಲಿ ಕಾಣಿಸಿಕೊಂಡವು. ಕೋಲಾರ ಜಿಲ್ಲೆ ಮಾತ್ರ ಮೇ ತಿಂಗಳವರೆಗೆ ಹಸಿರು ವಲಯ. ಮುಳಬಾಗಿಲಿನಲ್ಲಿ ಮೊದಲ ಪ್ರಕರಣಗಳು ಬಂದ ದಿನ ಜಿಲ್ಲೆಯೇ ಬೆಚ್ಚಿತು. ಅಷ್ಟು ಹೊತ್ತಿಗೆ ಎಲ್ಲ ಕಾಲೇಜುಗಳ ಹಾಸ್ಟೆಲುಗಳೂ ಖಾಲಿಯಾಗಿ ಎರಡು ತಿಂಗಳಾಗುತ್ತಾ ಬಂದಿತ್ತು. ವಲಯ ಹಸಿರಾಗಲಿ ಕೆಂಪಾಗಲಿ, ತರಗತಿ ಮೊಬೈಲಿನಲ್ಲೇ.

ಅಕ್ಕನ ಮಗಳು 2019ರಲ್ಲಿ ಸೇರಿದವಳು. ಆ ಬ್ಯಾಚಿಗೆ ಒಂದು ವಿಶೇಷವಿದೆ. 1997ರ ನಂತರ ಎಂಬಿಬಿಎಸ್ ಪಠ್ಯಕ್ರಮ ಪೂರ್ತಿಯಾಗಿ ಬದಲಾದದ್ದು ಆ ವರ್ಷ. ಪುಸ್ತಕದಿಂದ ಪರೀಕ್ಷೆಗೆ ಹಾರುವ ಪದ್ಧತಿ ಸಾಕು, ಮೊದಲ ವರ್ಷದಿಂದಲೇ ರೋಗಿಯ ಹತ್ತಿರ ಹೋಗಬೇಕು, ಕಲಿತ ಪ್ರತಿ ಕೌಶಲವನ್ನೂ ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಿಸಬೇಕು, ರೋಗಿಯೊಂದಿಗೆ ಮಾತನಾಡುವುದನ್ನೂ ಪಾಠವಾಗಿ ಕಲಿಸಬೇಕು ಎಂಬುದು ಅದರ ಆಶಯ. ಒಳ್ಳೆಯ ಆಶಯವೇ. ಆದರೆ ಮುಟ್ಟಿ ಕಲಿಯಿರಿ ಎನ್ನುವ ಪಠ್ಯಕ್ರಮ ಶುರುವಾಗಿ ಎಂಟು ತಿಂಗಳೊಳಗೆ, ಯಾರೂ ಯಾರನ್ನೂ ಮುಟ್ಟಬೇಡಿ ಎಂಬ ಕಾಲ ಬಂತು.

ಅವಳು ಹೇಳಿದ್ದನ್ನು ನಾನು ಆಗಲೇ ಬರೆದಿಟ್ಟುಕೊಂಡೆ: "ಮಾವ, ಕೈ, ಕಾಲು, ಎದೆ ನನಗೆ ಕೈಯಿಂದ ಗೊತ್ತು. ತಲೆ, ಕುತ್ತಿಗೆ ಕಣ್ಣಿನಿಂದ ಮಾತ್ರ ಗೊತ್ತು." ಅಂಗರಚನಾ ಶಾಸ್ತ್ರದ ಶವಚ್ಛೇದನದಲ್ಲಿ ಮಾರ್ಚ್ ಮಧ್ಯದ ಹೊತ್ತಿಗೆ ಅವರ ಮೇಜು ಎದೆಯ ಭಾಗ ಮುಗಿಸಿತ್ತು. ಉಳಿದದ್ದನ್ನು ಐದೂವರೆ ಅಂಗುಲದ ಪರದೆಯ ಮೇಲೆ ನೋಡಿದಳು. ಕುತ್ತಿಗೆಯ ಒಂದು ನರ ಎಲ್ಲಿ ತಿರುಗುತ್ತದೆ ಎಂದು ಕೇಳಿದರೆ ಚಿತ್ರ ಬರೆದು ತೋರಿಸುತ್ತಾಳೆ. ಆದರೆ ತೊಗಲು, ಕೊಬ್ಬು, ಪೊರೆ ಇವುಗಳ ನಡುವಿನಿಂದ ಆ ನರವನ್ನು ಬಿಡಿಸಿ ತೆಗೆಯುವಾಗ ಬೆರಳಿಗೆ ಆಗುವ ಅನುಭವ ಇದೆಯಲ್ಲ, ಅದು ಅವಳಿಗೆ ಸಿಗಲಿಲ್ಲ. ವರ್ಷಗಳ ನಂತರ ಹೌಸ್‌ಸರ್ಜನ್ ಆಗಿ ಕಿವಿ, ಮೂಗು, ಗಂಟಲು ವಿಭಾಗದ ಪೋಸ್ಟಿಂಗ್‌ಗೆ ಹೋದಾಗ ತನ್ನ ಕೈ ಮಾತ್ರ ಹಿಂದೆ ಉಳಿದಂತೆ ಅನ್ನಿಸಿತಂತೆ.

ಇದು ಅವಳೊಬ್ಬಳ ಮಾತಲ್ಲ. ಬ್ರಿಟನ್‌ನ 39 ವೈದ್ಯಕೀಯ ಶಾಲೆಗಳ 2,721 ವಿದ್ಯಾರ್ಥಿಗಳನ್ನು 2020ರಲ್ಲಿ ಕೇಳಿದ ಸಮೀಕ್ಷೆಯೊಂದಿದೆ. ಆನ್‌ಲೈನ್ ತರಗತಿಯಲ್ಲಿ ಅವರು ಮೆಚ್ಚಿದ್ದು ಹೊತ್ತಿನ ಅನುಕೂಲ. ದೂರಿದ್ದು ಮನೆಯವರ ಗದ್ದಲ, ಕೈಕೊಡುವ ಇಂಟರ್ನೆಟ್. ರೋಗಿಯ ಎದುರು ನಿಂತು ಕಲಿಯುವುದಕ್ಕೆ ಆನ್‌ಲೈನ್ ಪಾಠ ಬದಲಿಯಾಗಲಿಲ್ಲ ಎಂದವರು ಸುಮಾರು ಮುಕ್ಕಾಲು ಪಾಲು. ಲಂಡನ್ನಿನ ಹುಡುಗನಿಗೂ ಬಾಗೇಪಲ್ಲಿಯ ಹುಡುಗಿಗೂ ತೊಡಕು ಒಂದೇ. ಇಂಟರ್ನೆಟ್ ಕೈಕೊಟ್ಟಾಗ ಬಾಗೇಪಲ್ಲಿಯವಳು ಎಷ್ಟು ದೂರ ನಡೆಯಬೇಕಾಗುತ್ತದೆ ಎಂಬುದಷ್ಟೇ ವ್ಯತ್ಯಾಸ.

ಇನ್ನೊಂದು ವ್ಯತ್ಯಾಸವಿದೆ, ಅದು ನಮ್ಮ ಗಡಿ ಜಿಲ್ಲೆಗಳದ್ದೇ. ಕೋಲಾರದ ಟಮಕದಲ್ಲಿ 1986ರಿಂದ ಇರುವ ದೇವರಾಜ ಅರಸು ವೈದ್ಯಕೀಯ ಕಾಲೇಜಾಗಲಿ, ತುಮಕೂರಿನ ಅಗಳಕೋಟೆಯಲ್ಲಿ 1988ರಿಂದ ಇರುವ ಸಿದ್ಧಾರ್ಥ ಕಾಲೇಜಾಗಲಿ, ಇಂಥ ಕಡೆ ಓದುವವರಿಗೆ ದೊಡ್ಡ ಆಸ್ತಿ ಓಪಿಡಿಯ, ಅಂದರೆ ಹೊರರೋಗಿ ವಿಭಾಗದ, ಸಾಲು. ಶ್ರೀನಿವಾಸಪುರದ ಮಾವಿನ ತೋಟದವರು, ಗಡಿಯಾಚೆಯಿಂದ ಬರುವ ತೆಲುಗಿನವರು, ಪಾವಗಡದ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದವರು, ಮಂಡಿ ಬಿಗಿದವರು. ಎಡಗಿವಿಯಲ್ಲಿ ಕನ್ನಡ, ಬಲಗಿವಿಯಲ್ಲಿ ತೆಲುಗು ಕೇಳಿಸಿಕೊಂಡು ಇಂಗ್ಲಿಷ್‌ನಲ್ಲಿ ಕೇಸ್ ಬರೆಯುವ ಕಲೆ ಇಲ್ಲಿನ ವಿದ್ಯಾರ್ಥಿಗೆ ತಾನಾಗಿಯೇ ಬರುತ್ತದೆ. ಈ ಸಾಲು 2020ರಲ್ಲಿ ಕರಗಿತು. ಬಸ್ ಇಲ್ಲ, ಭಯ ಬೇರೆ. ತುರ್ತಲ್ಲದ ಶಸ್ತ್ರಚಿಕಿತ್ಸೆಗಳು ನಿಂತವು, ಹಾಸಿಗೆಗಳು ಕೋವಿಡ್‌ಗೆ ಮೀಸಲಾದವು. ಡಿಸೆಂಬರ್‌ನಲ್ಲಿ ವಿದ್ಯಾರ್ಥಿಗಳು ಮರಳಿದಾಗ ಕಾಲೇಜು ಇತ್ತು, ಮೇಷ್ಟರಿದ್ದರು, ನೋಡಲು ಮೊದಲಿನಷ್ಟು ರೋಗಿಗಳಿರಲಿಲ್ಲ. ಇದ್ದ ಕೋವಿಡ್ ರೋಗಿಗಳ ಹತ್ತಿರ ಬಿಡುತ್ತಿರಲಿಲ್ಲ. ಕಟ್ಟಡ, ಗ್ರಂಥಾಲಯ, ಪ್ರಯೋಗಾಲಯಗಳನ್ನು ಮುಂದಿಟ್ಟು ನಿಮಗೆ ತೃಪ್ತಿಯೇ ಎಂದು ಕೇಳುವ ಪ್ರಶ್ನಾವಳಿ ಈ ನಷ್ಟವನ್ನು ಹಿಡಿಯುವುದೇ ಇಲ್ಲ.

ಪ್ರಶ್ನಾವಳಿಯ ಮಾತು ಬಂದಿತಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ.

ತೃಪ್ತಿ ಎಂಬ ಪದ ನಮ್ಮಲ್ಲಿ ಹೆಚ್ಚು ಕೇಳುವುದು ಊಟದ ಪಂಕ್ತಿಯಲ್ಲಿ. ಬಡಿಸಿದವರು ಎದುರಿಗೇ ನಿಂತು ತೃಪ್ತಿಯಾಯಿತೇ ಎಂದು ಕೇಳಿದರೆ ಸಾರು ಉಪ್ಪಾಗಿತ್ತು ಎನ್ನುವವರು ಯಾರು? ನಮ್ಮ ಕಾಲೇಜುಗಳ ತೃಪ್ತಿ ಸಮೀಕ್ಷೆಗಳು ಬಹುಮಟ್ಟಿಗೆ ಪಂಕ್ತಿಯ ಪ್ರಶ್ನೆಗಳು. ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕ್‌ನ ಮಾನ್ಯತೆಯ ಭಾಗವಾಗಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ಇದೆ: 21 ಪ್ರಶ್ನೆ, ಇಪ್ಪತ್ತಕ್ಕೆ ಆಯ್ಕೆ ಒತ್ತಬೇಕು, ಕೊನೆಯದರಲ್ಲಿ ಸಲಹೆ ಬರೆಯಬೇಕು. ನ್ಯಾಕ್ ಅದನ್ನು ನೇರವಾಗಿ ವಿದ್ಯಾರ್ಥಿಯ ಇಮೇಲ್‌ಗೆ ಕಳಿಸುತ್ತದೆ, ಅಷ್ಟರಮಟ್ಟಿಗೆ ಚೆನ್ನ. ಆದರೆ ಕಾಲೇಜುಗಳು ತಾವೇ ಆಗಾಗ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರಗಳ ಕಥೆ ಬೇರೆ. ಅವುಗಳಲ್ಲಿ ರಿಜಿಸ್ಟರ್ ಸಂಖ್ಯೆ ಕೇಳುವುದುಂಟು. ಪರೀಕ್ಷೆಗೆ ಕೂರಲು ಥಿಯರಿಯಲ್ಲಿ ಶೇ 75, ಪ್ರಾಯೋಗಿಕದಲ್ಲಿ ಶೇ 80 ಹಾಜರಾತಿ ಬೇಕು. ಇಂಟರ್ನಲ್ಸ್ ಅಂಕ ವಿಭಾಗದ ಕೈಯಲ್ಲಿದೆ. ಲಾಗ್‌ಬುಕ್‌ಗೆ ಸಹಿ ಅವರದೇ. ವೈವಾದಲ್ಲಿ ಎದುರು ಕೂರುವವರೂ ಅವರೇ. ಐದು ವರ್ಷ ಹೀಗೆ ಜುಟ್ಟು ಕೊಟ್ಟು ಕೂತವರು ನಾಲ್ಕು ಅಥವಾ ಐದನ್ನು ಒತ್ತಿದರೆ ಆಶ್ಚರ್ಯವಿಲ್ಲ.

ಒಂದು ವೇಳೆ ಎಲ್ಲರೂ ನಿಜವನ್ನೇ ಒತ್ತಿದರು ಎನ್ನಿ. ಆಗಲೂ ಸರಾಸರಿ ಎಂಬುದು ಕಣ್ಣುಕಟ್ಟು. ಎರಡು ಕಾಲೇಜುಗಳನ್ನು ಊಹಿಸಿಕೊಳ್ಳೋಣ, ತಲಾ ನೂರು ವಿದ್ಯಾರ್ಥಿಗಳು, ಐದಕ್ಕೆ ಅಂಕ. ಮೊದಲನೆಯದರಲ್ಲಿ 80 ಮಂದಿ ನಾಲ್ಕು, 20 ಮಂದಿ ಮೂರು ಕೊಟ್ಟರು. ಎರಡನೆಯದರಲ್ಲಿ 60 ಮಂದಿ ಐದು, 40 ಮಂದಿ ಎರಡು ಕೊಟ್ಟರು. ಎರಡರ ಸರಾಸರಿಯೂ 3.8. ಮೊದಲನೆಯದು ಸಾಧಾರಣ ಕಾಲೇಜು. ಎರಡನೆಯದರಲ್ಲಿ ನಲವತ್ತು ಮಂದಿಗೆ ಏನೋ ಆಗಿದೆ. ಸೋಂಕಿನ ಕಾಲದಲ್ಲಿ ಆ ನಲವತ್ತು ಮಂದಿ ಯಾರು ಎಂದು ಊಹಿಸುವುದು ಕಷ್ಟವಲ್ಲ: ಸಿಗ್ನಲ್ ಇಲ್ಲದ ಊರಿನವರು, ಮನೆಯಲ್ಲಿ ಒಂದೇ ಮೊಬೈಲ್ ಇದ್ದವರು, ಅಪ್ಪನ ಆದಾಯ ನಿಂತವರು. ಗೂಡಿನ ಮಾರುಕಟ್ಟೆ ನಡೆಯದೆ ಶಿಡ್ಲಘಟ್ಟದಲ್ಲಿ ಗೂಡು ಹಿಡಿದು ಕೂತ ಮನೆಗಳೂ, ಕೋಲಾರದ ಹೊಲದಲ್ಲಿ ಟೊಮೆಟೊ ಕೀಳದೆ ಬಿಟ್ಟ ಮನೆಗಳೂ ಶುಲ್ಕದ ಅದೇ ನೋಟಿಸ್ ಪಡೆದವು. 3.8ರಲ್ಲಿ ಇದು ಕಾಣುವುದಿಲ್ಲ.

ಕಾಲೇಜುಗಳ ಕಡೆಯ ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ಬೋಧಕರಿಗೆ ಸಂಬಳ ಕೊಡಬೇಕು, ಆಸ್ಪತ್ರೆಯ ಮಾಮೂಲಿ ವರಮಾನ ಬಿದ್ದುಹೋಗಿದೆ, ಹಾಸಿಗೆಗಳು ಸರ್ಕಾರದ ಕೈಗೆ ಹೋಗಿವೆ, ರಕ್ಷಣಾ ಉಡುಪಿನ ಖರ್ಚು ಹೊಸದು. ಮೇಷ್ಟರುಗಳೇ ಸೋಂಕು ತಗುಲಿ ಮಲಗಿದ್ದರು. ಜೀವಮಾನವೆಲ್ಲ ಕರಿಹಲಗೆಯ ಮುಂದೆ ನಿಂತ ಅರುವತ್ತರ ಪ್ರಾಧ್ಯಾಪಕರೊಬ್ಬರು ಮ್ಯೂಟ್ ಗುಂಡಿ ಎಲ್ಲಿದೆ ಎಂದು ಮೊದಲ ವರ್ಷದ ಹುಡುಗರನ್ನು ಕೇಳುತ್ತಾ ಪಾಠ ಮಾಡಿದ್ದನ್ನು ನಾನೇ ಕಂಡಿದ್ದೇನೆ. ಅವರ ಬಗ್ಗೆ ವಿದ್ಯಾರ್ಥಿಗಳು ಯಾರೂ ಕೆಟ್ಟ ಮಾತು ಆಡಲಿಲ್ಲ. ಇದನ್ನು ಗಮನಿಸಬೇಕು. ಪಾಠ ಕಳಪೆಯಾಗಿದ್ದಕ್ಕೆ ಸಿಟ್ಟು ಹೆಚ್ಚು ದಿನ ಉಳಿಯಲಿಲ್ಲ. ಉಳಿದದ್ದು ಬೇರೆ ಸಿಟ್ಟು.

ಅದು ಎಂಥದ್ದು ಎಂದು ನನಗೆ ತಿಳಿದದ್ದು ಎರಡನೇ ಅಲೆಯಲ್ಲಿ. 2021ರ ಏಪ್ರಿಲ್, ಮೇ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣಗಳು. ಅದಕ್ಕೆ ಎರಡು ದಿನ ಮೊದಲು ಕೇಂದ್ರ ಸರ್ಕಾರ, ಇಂಟರ್ನ್‌ಗಳನ್ನು (ಓದು ಮುಗಿಸಿ ತರಬೇತಿಯಲ್ಲಿರುವ ಹೌಸ್‌ಸರ್ಜನ್‌ಗಳನ್ನು) ಬೋಧಕರ ಮೇಲ್ವಿಚಾರಣೆಯಲ್ಲಿ ಕೋವಿಡ್ ಕೆಲಸಕ್ಕೆ ಹಾಕಿಕೊಳ್ಳಬಹುದು, ಕೊನೆಯ ವರ್ಷದವರನ್ನು ದೂರವಾಣಿ ಸಲಹೆಗೂ ಲಘು ಪ್ರಕರಣಗಳ ನಿಗಾಕ್ಕೂ ಬಳಸಬಹುದು, 100 ದಿನ ಮುಗಿಸಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆ ಎಂದು ಪ್ರಕಟಿಸಿತು. ಸ್ನಾತಕೋತ್ತರ ಪ್ರವೇಶದ ನೀಟ್ ಪರೀಕ್ಷೆ ನಾಲ್ಕು ತಿಂಗಳಾದರೂ ಮುಂದಕ್ಕೆ ಹೋಯಿತು. ಹೊಸಬರು ಬಾರದ್ದರಿಂದ ಮೊದಲೇ ಇದ್ದ ಪಿಜಿಗಳೇ (ಸ್ನಾತಕೋತ್ತರ ವಿದ್ಯಾರ್ಥಿಗಳೇ) ದುಡಿದರು, ಇಂಟರ್ನ್‌ಗಳು ಅವರ ಅರ್ಧ ಕೆಲಸ ಹೊತ್ತರು.

ಕುಣಿಗಲ್ ಕಡೆಯ ಪರಿಚಯದ ಹುಡುಗನೊಬ್ಬ ಆಗ ಇಂಟರ್ನ್. ರಕ್ಷಣಾ ಉಡುಪಿನೊಳಗೆ ಆರು ತಾಸು, ಬೆವರಿಗೆ ಕೈಗವಸಿನಲ್ಲಿ ಬೆರಳು ನೆನೆದು ಸುಕ್ಕಾಗುತ್ತಿದ್ದವು ಎನ್ನುತ್ತಾನೆ. ಅವನ ಪಾಳಿಯಲ್ಲಿ ಎಷ್ಟು ಸಾವಾಯಿತೆಂದು ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಎಲ್ಲ ಲೆಕ್ಕದಲ್ಲೂ ಅವನ ಬ್ಯಾಚಿಗೆ ಕಾಲೇಜಿನ ಮೇಲೆ ಹೆಚ್ಚು ಕೋಪ ಇರಬೇಕಿತ್ತು. ಆದರೆ ಅವನು ತನ್ನ ವಿಭಾಗವನ್ನು ಇವತ್ತಿಗೂ ಬಿಟ್ಟುಕೊಡುವುದಿಲ್ಲ. ಕಾರಣ ಕೇಳಿದಾಗ ಹೇಳಿದ್ದು ಇಷ್ಟು. ದಿನಾ ಬೆಳಿಗ್ಗೆ ಎಂಟಕ್ಕೆ ಮೆಡಿಸಿನ್ ವಿಭಾಗದ ಮುಖ್ಯಸ್ಥರು ಕಾರಿಡಾರಿನಲ್ಲಿ ಐದು ನಿಮಿಷ ನಿಂತು ಮಾತನಾಡುತ್ತಿದ್ದರು. ಆಕ್ಸಿಜನ್ ಎಷ್ಟು ಗಂಟೆಗೆ ಸಾಕು, ಯಾರಿಗೆ ಪಾಸಿಟಿವ್ ಬಂದಿದೆ, ಯಾವ ಹಾಸಿಗೆಯತ್ತ ಹೆಚ್ಚು ಕಣ್ಣಿಡಬೇಕು. ಒಂದು ದಿನ, "ಇವತ್ತು ಹೊಸ ಮಾಸ್ಕ್ ಬಂದಿಲ್ಲ. ನಿನ್ನೆಯದನ್ನೇ ಹಾಕಿಕೊಳ್ಳಿ. ನಾನೂ ನಿನ್ನೆಯದನ್ನೇ ಹಾಕಿದ್ದೇನೆ" ಎಂದು ಹೇಳಿ ಮುಂದೆ ನಡೆದರಂತೆ. ಯಾರೂ ಗೊಣಗಲಿಲ್ಲ.

ಮನೆಯಲ್ಲಿ ಕ್ಷೇಮವಾಗಿ ಕೂತಿದ್ದ ಅಕ್ಕನ ಮಗಳಿಗೆ ಸಿಟ್ಟು. ವಾರ್ಡಿನಲ್ಲಿ ಬೆಂದವನಿಗೆ ಅಭಿಮಾನ. ಇಬ್ಬರ ನಡುವಿನ ವ್ಯತ್ಯಾಸ ಸೌಕರ್ಯದ್ದಲ್ಲ. ಅವನಿಗೆ ದಿನಾ ಬೆಳಿಗ್ಗೆ ನಿಜ ಗೊತ್ತಾಗುತ್ತಿತ್ತು. ಅವಳಿಗೆ ಪರೀಕ್ಷೆ ಯಾವಾಗ, ಹಾಸ್ಟೆಲ್ ಯಾವಾಗ, ಬಿಟ್ಟುಹೋದ ಶವಚ್ಛೇದನ ಮತ್ತೆ ಇದೆಯೋ ಇಲ್ಲವೋ ಎಂಬುದು ತಿಂಗಳುಗಟ್ಟಲೆ ವಾಟ್ಸ್‌ಆಪ್ ಗುಂಪಿನ ಗಾಳಿಸುದ್ದಿಯಾಗಿತ್ತು. ಗೊತ್ತಿಲ್ಲ, ನಾವೂ ವಿಶ್ವವಿದ್ಯಾಲಯದ ಆದೇಶಕ್ಕೆ ಕಾಯುತ್ತಿದ್ದೇವೆ ಎಂದು ಕಾಲೇಜು ಒಂದು ಸಾಲು ಬರೆದಿದ್ದರೂ ಸಾಕಿತ್ತು. ಕಾಲೇಜು ತಾನಾಗಿ ಮಾತನಾಡಿದ್ದು ಎರಡು ಕಾಗದ ಕಳಿಸುವಾಗ. ಇಲ್ಲ ಎಂಬುದನ್ನು ವಿದ್ಯಾರ್ಥಿಗಳು ಸಹಿಸಿಕೊಂಡರು, ತಿಳಿಸಲಿಲ್ಲ ಎಂಬುದನ್ನು ಸಹಿಸಿಕೊಳ್ಳಲಿಲ್ಲ. ನಾನು ಮಾತನಾಡಿಸಿದ ಹತ್ತಾರು ಮಂದಿಯಲ್ಲಿ ಇದಕ್ಕೆ ಅಪವಾದ ಸಿಕ್ಕಿದ್ದು ಕಡಿಮೆ.

ಹಾಗೆಂದು ಇಂಟರ್ನ್‌ಗಳ ಅಭಿಮಾನವನ್ನು ಹಿಡಿದು ಎಲ್ಲ ಸರಿಯಿತ್ತು ಎನ್ನುವುದು ಜಾಣಕುರುಡು. ಅಭಿಮಾನ ಹೊಟ್ಟೆ ತುಂಬಿಸುವುದಿಲ್ಲ. ಇಂಟರ್ನ್ ಎಂಬವನು ಡ್ಯೂಟಿ ಪಟ್ಟಿಯಲ್ಲಿ ವೈದ್ಯ, ಸಂಬಳದ ಪಟ್ಟಿಯಲ್ಲಿ ವಿದ್ಯಾರ್ಥಿ. ರಾತ್ರಿ ಎರಡಕ್ಕೆ ಕರೆ ಬಂದರೆ ಡಾಕ್ಟರ್, ಸ್ಟೈಪೆಂಡ್ ಕೇಳಿದರೆ ಹುಡುಗ. ಸರ್ಕಾರಿ ಕಾಲೇಜುಗಳಲ್ಲಿ ಸ್ಟೈಪೆಂಡ್‌ಗೆ ಒಂದು ಮೊತ್ತವಿದೆ. ಅದು ತಡವಾದಾಗ ಬೀದಿಗಿಳಿದು ಕೇಳಿದ್ದೂ ಇದೆ. ಖಾಸಗಿಯಲ್ಲಿ ಅದು ಕಾಲೇಜಿನಿಂದ ಕಾಲೇಜಿಗೆ ಬೇರೆ. 2021ರ ಇಂಟರ್ನ್‌ಶಿಪ್ ನಿಯಮಾವಳಿಯೂ ಮೊತ್ತವನ್ನು ಹೇಳದೆ, ಶುಲ್ಕ ನಿಗದಿ ಮಾಡುವ ಪ್ರಾಧಿಕಾರದ ಕಡೆಗೆ ಬೆರಳು ತೋರಿಸಿ ಸುಮ್ಮನಾಯಿತು. ಸೋಂಕಿನ ಕಾಲದಲ್ಲಿ ಈ ಎರಡು ದೋಣಿಯ ಸ್ಥಿತಿ ಪ್ರಾಣದ ಪ್ರಶ್ನೆಯಾಯಿತು. ಅವನು ನೌಕರನಾದರೆ ರಕ್ಷಣೆ, ವಿಮೆ, ರಜೆ ಕಾಲೇಜಿನ ಹೊಣೆ. ವಿದ್ಯಾರ್ಥಿಯಾದರೆ ಅವನನ್ನು ಅಪಾಯದಿಂದ ದೂರವಿಡುವುದು ಕಾಲೇಜಿನ ಹೊಣೆ. ಒಪ್ಪಿಗೆ ಪತ್ರ ಮಾಡಿದ್ದು ಎರಡೂ ಹೊಣೆಗಳನ್ನು ಒಂದೇ ಸಹಿಯಲ್ಲಿ ಅಪ್ಪನ ಹೆಗಲಿಗೆ ದಾಟಿಸುವ ಕೆಲಸ.

2020ರಲ್ಲಿ ಸೇರಿದವರ ಪಾಡು ಇನ್ನೂ ವಿಚಿತ್ರ. ನೀಟ್ ಸೆಪ್ಟೆಂಬರ್‌ಗೆ ಹೋಗಿ, ಅವರ ತರಗತಿ ಶುರುವಾದದ್ದು 2021ರ ಫೆಬ್ರುವರಿ 1ಕ್ಕೆ. ಏಪ್ರಿಲ್ 27ರಿಂದ ರಾಜ್ಯ ಮತ್ತೆ ಬಂದ್. ಮೂರು ತಿಂಗಳು ತುಂಬುವ ಮೊದಲೇ ಟ್ರಂಕು ಕಟ್ಟಿ ಮನೆಗೆ ಹೊರಟರು. ಬೆಂಚಿನ ಪಕ್ಕದವನ ಮುಖವನ್ನು ಮಾಸ್ಕ್ ಇಲ್ಲದೆ ನೋಡಿದ್ದು ಎರಡನೇ ವರ್ಷದಲ್ಲಿ ಎನ್ನುವವರಿದ್ದಾರೆ. ಮುಂದೆ, ಎಲ್ಲ ಮುಗಿಯಿತು ಎನ್ನುವ ಹೊತ್ತಿಗೆ, 2021ರ ನವೆಂಬರ್‌ನಲ್ಲಿ ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ 280ಕ್ಕೂ ಹೆಚ್ಚು ಮಂದಿಗೆ ಸೋಂಕು ಕಾಣಿಸಿತು. ಹೆಚ್ಚಿನವರು ಎರಡೂ ಡೋಸ್ ಪಡೆದವರು. ನಮ್ಮ ಜಿಲ್ಲೆಗಳ ಹಾಸ್ಟೆಲುಗಳಲ್ಲೂ ಮಕ್ಕಳು ಮತ್ತೆ ಟ್ರಂಕಿನ ಕಡೆ ನೋಡಿದರು.

ಇಡೀ ಕಥೆಯಲ್ಲಿ ನನಗೆ ಹೆಚ್ಚು ನೋವು ತಂದ ಸಂಗತಿ ಯಾವ ಸಮೀಕ್ಷೆಯಲ್ಲೂ ಇಲ್ಲ. 2020ರ ಬೇಸಿಗೆಯಲ್ಲಿ ರಾಜ್ಯದ ಸಾವಿರಾರು ವೈದ್ಯ ವಿದ್ಯಾರ್ಥಿಗಳು ತಮ್ಮ ಊರುಗಳಲ್ಲೇ ಇದ್ದರು. ಅದೇ ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಮನೆಮನೆ ಸುತ್ತುತ್ತಿದ್ದರು. ಸರಿಯಾದ ಗೌರವಧನ ಬೇಕೆಂದು ಜುಲೈನಲ್ಲಿ ಅವರು ಮುಷ್ಕರ ಹೂಡಬೇಕಾಯಿತು. ಈ ಇಬ್ಬರನ್ನು ಜೋಡಿಸಬಹುದಿತ್ತು ಎಂದು ಯಾವ ಕಾಲೇಜಿಗೂ ಹೊಳೆದಂತೆ ನನಗೆ ಕಾಣಲಿಲ್ಲ. ಅಕ್ಕನ ಮಗಳು ತಾನಾಗಿಯೇ ಒಂದಷ್ಟು ದಿನ ಊರಿನ ಆಶಾ ಅಕ್ಕನ ಜೊತೆ ಹೋದಳು. ಹಾಗೆ ಹೋದಾಗ ಒಂದು ಸಂಜೆ, ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ ಮುದುಕರೊಬ್ಬರ ಎದೆಯತ್ತ ನೋಡುತ್ತಾ, ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಂಡು ಉಸಿರು ಎಣಿಸಿದಳು. ಮೂವತ್ತೆರಡು. ಮತ್ತೆ ಎಣಿಸಿದಳು. ಮೂವತ್ತನಾಲ್ಕು. ಆರಾಮಾಗಿ ಕೂತ ದೊಡ್ಡವರಿಗೆ ಅದು ಇಪ್ಪತ್ತು ದಾಟಬಾರದು ಎಂದು ಶರೀರಕ್ರಿಯಾ ಶಾಸ್ತ್ರದ ಪಾಠದಲ್ಲಿ ಓದಿದ್ದಳು. "ಆಂಬುಲೆನ್ಸ್ ಕರೆಯಿರಿ ಅಕ್ಕಾ" ಎಂದಳು. ಅಜ್ಜ ಹನ್ನೆರಡು ದಿನಕ್ಕೆ ಮನೆಗೆ ಬಂದರು, ಈಗಲೂ ಇದ್ದಾರೆ. ಅವಳ ಲಾಗ್‌ಬುಕ್‌ನಲ್ಲಿ ಆ ಸಂಜೆಗೆ ಜಾಗವಿರಲಿಲ್ಲ. ಅಂದು ಆನ್‌ಲೈನ್ ತರಗತಿಗೆ ಗೈರುಹಾಜರಿ ಬಿತ್ತು.

ಎರಡು ವರ್ಷದ ನಂತರ, 2022ರಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗ ಕುಟುಂಬ ದತ್ತು ಕಾರ್ಯಕ್ರಮ ತಂದಿತು. ಪ್ರತಿ ವಿದ್ಯಾರ್ಥಿ ಹಳ್ಳಿಯ ಕೆಲವು ಕುಟುಂಬಗಳನ್ನು ಮೊದಲ ವರ್ಷದಿಂದಲೇ ಹಿಂಬಾಲಿಸಬೇಕು ಎಂಬುದು ಅದರ ಸಾರ. ಈಗ ಕಾಲೇಜಿನ ಬಸ್ಸಿನಲ್ಲಿ ಹಳ್ಳಿಗೆ ಹೋಗಿ ಬರುತ್ತಾರೆ. ಹಳ್ಳಿಯಲ್ಲೇ ಇದ್ದಾಗ ಅವರನ್ನು ಪರದೆಯ ಮುಂದೆ ಕೂರಿಸಿದ್ದೆವು.

ಸಾಂಕ್ರಾಮಿಕ ನಿರ್ವಹಣೆಯ ಪಾಠವೊಂದನ್ನು 2020ರ ಆಗಸ್ಟ್‌ನಲ್ಲೇ ಎಂಬಿಬಿಎಸ್ ಪಠ್ಯಕ್ರಮಕ್ಕೆ ಸೇರಿಸಿದರು. ಕೈ ತೊಳೆಯುವುದರಿಂದ ಹಿಡಿದು ಲಸಿಕೆಯ ಸಂಶೋಧನೆಯವರೆಗೆ ವಿದ್ಯಾರ್ಥಿ ಏನೇನು ಕಲಿಯಬೇಕು ಎಂದು ಅದರಲ್ಲಿದೆ. ಸಾಂಕ್ರಾಮಿಕ ಬಂದಾಗ ಕಾಲೇಜು ತನ್ನ ವಿದ್ಯಾರ್ಥಿಗೆ ಏನು ಮಾಡಬೇಕು ಎಂಬುದಕ್ಕೆ ಅಂಥ ಪಾಠ ಬಂದಿಲ್ಲ. ಚಿಕ್ಕಬಳ್ಳಾಪುರದಲ್ಲಿ ಸೋಂಕಿನ ದಿನಗಳ ಬೆನ್ನಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಪಕ್ಕದ ಮುದ್ದೇನಹಳ್ಳಿಯಲ್ಲಿ, ವಿಶ್ವೇಶ್ವರಯ್ಯನವರ ಊರಿನಲ್ಲಿ, ಶುಲ್ಕವಿಲ್ಲದೆ ಕಲಿಸುವ ಮಧುಸೂದನ ಸಾಯಿ ವೈದ್ಯಕೀಯ ಸಂಸ್ಥೆಯನ್ನು 2023ರ ಮಾರ್ಚ್ 25ರಂದು ಪ್ರಧಾನಿ ಉದ್ಘಾಟಿಸಿದರು. ಶುಲ್ಕದ ಭಾರ ಕಡಿಮೆಯಾದ ಕಡೆ ನೋಟಿಸಿನ ಸಿಟ್ಟು ಇರುವುದಿಲ್ಲ, ನಿಜ. ಆದರೆ ಪುಕ್ಕಟೆ ಓದುವವನಿಗೆ ಬಾಯಿ ಬಿಡುವ ಧೈರ್ಯ ಇನ್ನೂ ಕಡಿಮೆ ಇರುತ್ತದೆ. ಅಲ್ಲಿ ತೃಪ್ತಿಯ ಅಂಕ ಮೇಲೇರಿದರೆ ಅದನ್ನು ಓದುವಾಗ ಈ ಮಾತು ನೆನಪಿರಲಿ.

ನನ್ನನ್ನು ಕೇಳಿದರೆ, ತೃಪ್ತಿಯೇ ಎಂಬ ಪ್ರಶ್ನೆಯನ್ನು ಬಿಟ್ಟು ಬೇರೆ ಕೇಳಬೇಕು. ಪರೀಕ್ಷೆ ಮುಂದಕ್ಕೆ ಹೋದದ್ದು ನಿಮಗೆ ಯಾರಿಂದ, ಎಷ್ಟು ದಿನಕ್ಕೆ ತಿಳಿಯಿತು? ತಪ್ಪಿಹೋದ ವಾರ್ಡಿನ ಗಂಟೆಗಳಲ್ಲಿ ಎಷ್ಟನ್ನು ಮರಳಿ ಕೊಟ್ಟರು? ಕಾಯಿಲೆ ಬಿದ್ದಾಗ ಹಾಸ್ಟೆಲಿನಲ್ಲಿ ಊಟ ತಂದುಕೊಟ್ಟವರು ಯಾರು? ಇವಕ್ಕೆ ಅಂಕ ಬೇಡ, ದಿನಾಂಕ ಸಾಕು, ಹೆಸರು ಸಾಕು. ಕೇಳುವವರು ಕಾಲೇಜಿನವರಾಗಬಾರದು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಹೊರಗಿನ ಕೈ ಆಗಬೇಕು. ಸ್ವಂತ ವಿಶ್ವವಿದ್ಯಾಲಯದ ಮಾನ್ಯತೆ ಪಡೆದ ಕಾಲೇಜುಗಳಲ್ಲಿ ಆ ಹೊರಗಿನ ಕೈಯೂ ಇಲ್ಲ. ಬಡಿಸುವವರೂ ಅವರೇ, ಎಲೆ ಎಣಿಸುವವರೂ ಅವರೇ. ಅಲ್ಲಿಗೆ ಆಯೋಗವೇ ಇಳಿಯಬೇಕಾಗುತ್ತದೆ.

ಅಕ್ಕನ ಮಗಳ ಹೌಸ್‌ಸರ್ಜನ್ಸಿ ಮುಗಿದು ಈಗ ಅವಳು ಪಿಜಿ ಸೀಟಿಗೆ ಓದುತ್ತಿದ್ದಾಳೆ. ಕಾಲೇಜು ಬಿಡುವ ಮೊದಲು ಅವಳ ಬ್ಯಾಚಿನವರೆಲ್ಲ ಮೊಬೈಲಿನಲ್ಲಿ ಒಂದು ಅಭಿಪ್ರಾಯ ಪತ್ರ ತುಂಬಿದರಂತೆ. ಮೇಲ್ಗಡೆ ರಿಜಿಸ್ಟರ್ ಸಂಖ್ಯೆ, ಕೆಳಗೆ ಒಂದರಿಂದ ಐದರವರೆಗೆ ವೃತ್ತಗಳು, ಕೊನೆಗೆ ಸಂಸ್ಥೆಯ ಸುಧಾರಣೆಗೆ ನಿಮ್ಮ ಸಲಹೆ ಎಂಬ ಖಾಲಿ ಜಾಗ. ಅದರಲ್ಲಿ ಏನು ಬರೆದೆ ಎಂದು ಕೇಳಿದೆ. ಅಪ್ಪನ ಸಹಿ ಇರುವ ಆ ಕಾಗದ ವಾಪಸು ಕೊಡಿ ಎಂದು ಬರೆಯೋಣವೆಂದುಕೊಂಡಳಂತೆ.

"ಬರೆದೆಯಾ?"

"ಇಲ್ಲ ಮಾವ. ನಿಲ್ ಎಂದು ಹಾಕಿದೆ. ಖಾಲಿ ಬಿಟ್ಟರೆ ಅದು ಮುಂದಕ್ಕೆ ಹೋಗುತ್ತಿರಲಿಲ್ಲ."